‘ಎಷ್ಟನೇ ನಂಬರ್ ಬಂದ?’ ಅಂತ ಕೇಳುವ ಮೊದಲು

ಪ್ರಶ್ನೆ: ಸರ್, ನಾವು ಜಮಖಂಡಿ ತಾಲ್ಲೂಕಿನವರು. ನನ್ನ ಅಣ್ಣನ ಮಗನಿಗೆ ಈಗ 20 ವರ್ಷ. ವಿಜಯಪುರದ ಕ್ರೀಡಾ ಹಾಸ್ಟೆಲ್‌ನಲ್ಲಿ ಬೆಳೆದ ಹುಡುಗ. ಸೈಕಲ್ ರೇಸ್‌ನಲ್ಲಿ ರಾಷ್ಟ್ರಮಟ್ಟದ ಎರಡು ಪದಕ ಗೆದ್ದಿದ್ದಾನೆ. ಈ ವರ್ಷ ಯುರೋಪಿನ ಒಂದು ಕಾಂಟಿನೆಂಟಲ್ ಸೈಕಲ್ ತಂಡ ಸೇರಿದ್ದಾನೆ. ಹೋಗುವಾಗ ಊರಲ್ಲಿ ಮೆರವಣಿಗೆ ಮಾಡಿ, ಬಸ್ ಸ್ಟ್ಯಾಂಡ್ ಮುಂದೆ ‘ಮುಂದಿನ ಗುರಿ ಟೂರ್ ಡಿ ಫ್ರಾನ್ಸ್’ ಅಂತ ಫ್ಲೆಕ್ಸ್ ಹಾಕಿಸಿದ್ದೆವು. ಇಲ್ಲಿತನಕ ಐದು ಸ್ಟೇಜ್ ರೇಸ್ (ಹಲವು ದಿನ ನಡೆಯುವ ರೇಸ್) ಆಗಿವೆ. ಒಂದರಲ್ಲಿ ಬಿದ್ದು ಬಿಟ್ಟ, ಒಂದರಲ್ಲಿ ಜ್ವರ ಬಂದು ಬಿಟ್ಟ, ಒಂದರಲ್ಲಿ ಟೈಮ್ ಮೀರಿತು ಅಂತ ಹೊರಗೆ ಹಾಕಿದರು. ಉಳಿದ ಎರಡರಲ್ಲಿ 91 ಮತ್ತು 64ನೇ ಸ್ಥಾನ (64 ಬಂದದ್ದು ಐದು ದಿನದ ರೇಸ್, ಮೊದಲ ದಿನ 102, ಕೊನೆಯ ದಿನ ಗುಡ್ಡದ ಮೇಲೆ 41). ಟೈಮ್ ಮೀರಿದ ದಿನ ತಂಡದ ಲೀಡರ್‌ಗೆ ಪಂಕ್ಚರ್ ಆಗಿತ್ತು, ಅವನಿಗಾಗಿ ನಿಂತೆ, ಸಂಜೆ ಮ್ಯಾನೇಜರ್ ಬೆನ್ನು ತಟ್ಟಿದರು ಅಂತಾನೆ. ನಮಗೆ ಅದು ನೆಪ ಅನ್ನಿಸುತ್ತದೆ. 20 ನಿಮಿಷ ತುಳಿದರೆ 345 ವ್ಯಾಟ್ ಶಕ್ತಿ ಬರುತ್ತದಂತೆ, ತೂಕ 63 ಕೆ.ಜಿ. ಅಂತೆ. ಇನ್ನೂ ನಾಲ್ಕು ಕೆ.ಜಿ. ಇಳಿಸುತ್ತೇನೆ ಅಂತಾನೆ. ಅಣ್ಣ, ‘ಸಾಕು, ರೈಲ್ವೆಗೆ ಅರ್ಜಿ ಹಾಕಿಸೋಣ’ ಅಂತಿದ್ದಾನೆ. ಎಷ್ಟು ವರ್ಷ ಕಾಯಬೇಕು? ಅವನಿಂದ ಏನು ನಿರೀಕ್ಷೆ ಇಟ್ಟುಕೊಳ್ಳಬೇಕು?
— ಹುಡುಗನ ಕಾಕಾ, ಜಮಖಂಡಿ ತಾಲ್ಲೂಕು

ಉತ್ತರ: ಕಾಕಾ, ಹುಡುಗ ಕರೆಯುವ ಹಾಗೆ ನಾನೂ ಹಾಗೇ ಕರೆಯುತ್ತೇನೆ, ತಪ್ಪು ತಿಳಿಯಬೇಡಿ. ನಿಮ್ಮ ಪತ್ರ ಎರಡು ಸಲ ಓದಿದೆ. ಅದರಲ್ಲಿರುವ ಅತಿ ಒಳ್ಳೆಯ ಸುದ್ದಿಯನ್ನು ನೀವು ಕಂಸದೊಳಗೆ ತುರುಕಿಬಿಟ್ಟಿದ್ದೀರಿ. ಮೊದಲ ದಿನ 102, ಕೊನೆಯ ದಿನ ಗುಡ್ಡದ ಮೇಲೆ 41. ಫ್ಲೆಕ್ಸ್ ಹಾಕಿಸುವುದೇ ಆದರೆ ಇದನ್ನು ಹಾಕಿಸಬೇಕಿತ್ತು. ಬಸ್ ಸ್ಟ್ಯಾಂಡ್‌ನಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ, ಆ ಮಾತು ಬೇರೆ.

ನಿಮ್ಮ ಕಡೆ ಕಬ್ಬು ಕಡಿಯುವ ಗ್ಯಾಂಗ್ ನೋಡಿದ್ದೀರಲ್ಲ. ಹೊಸ ಹುಡುಗನೊಬ್ಬ ಬರುತ್ತಾನೆ. ಮೊದಲ ದಿನ ಮೈಮುರಿದು ಎಲ್ಲರಿಗಿಂತ ಜಾಸ್ತಿ ಕಡಿಯುತ್ತಾನೆ. ಮೂರನೇ ದಿನ ಕೈ ಎತ್ತೋಕೆ ಆಗುವುದಿಲ್ಲ, ಟ್ರ್ಯಾಕ್ಟರ್ ನೆರಳಲ್ಲಿ ಮಲಗಿರುತ್ತಾನೆ. ಪಕ್ಕದಲ್ಲೇ ಒಬ್ಬ ಹಳಬ, ನೋಡಲು ಸಣಕಲ. ಸೋಮವಾರ ಎಷ್ಟು ಕಡಿದನೋ ಶನಿವಾರವೂ ಅಷ್ಟೇ ಕಡಿಯುತ್ತಾನೆ. ಗ್ಯಾಂಗ್ ನಡೆಸುವ ಮುಕಾದಮ ಯಾರನ್ನು ಮುಂದಿನ ಹಂಗಾಮಿಗೆ ಕರೆಯುತ್ತಾನೆ? ಸ್ಟೇಜ್ ರೇಸ್ ಅಂದರೆ ಇದೇ ಲೆಕ್ಕ. ದಿನಾ ಸೈಕಲ್ ಹೊಡೆಯಬೇಕು, ದಿನದಿನದ ಸಮಯ ಕೂಡಿಸುತ್ತಾ ಹೋಗಬೇಕು, ಕೊನೆಗೆ ಕಡಿಮೆ ಸಮಯ ಯಾರದೋ ಅವನು ಗೆದ್ದ. ಟೂರ್ ಡಿ ಫ್ರಾನ್ಸ್ ಆದರೆ ಮೂರು ವಾರ, 21 ಸ್ಟೇಜ್, ಸುಮಾರು 3,300 ಕಿ.ಮೀ., ನಡುವೆ ಸಾಮಾನ್ಯವಾಗಿ ಎರಡೇ ದಿನ ಬಿಡುವು. ನಿಮ್ಮ ಹುಡುಗ ಹೊಡೆಯುತ್ತಿರುವುದು ನಾಲ್ಕೈದು ದಿನದ್ದು. ಆದರೂ ತತ್ವ ಒಂದೇ: ಎಲ್ಲರೂ ಸೋತ ದಿನ ನೀನು ಎಷ್ಟು ಕಡಿಮೆ ಸೋತೆ?

ನಿಮ್ಮ ಹುಡುಗ ಐದನೇ ದಿನ ಸುತ್ತಲಿನವರಿಗಿಂತ ಕಡಿಮೆ ಸೋತಿದ್ದಾನೆ. 20ನೇ ವಯಸ್ಸಿಗೆ ಇದು ಕಲಿಸಿ ಬರುವಂಥದ್ದಲ್ಲ. ಸ್ವಲ್ಪ ಮಟ್ಟಿಗೆ ಹುಟ್ಟಿನಿಂದ, ಉಳಿದದ್ದು ವರ್ಷಗಟ್ಟಲೆ ತುಳಿದದ್ದರಿಂದ ಬರುತ್ತದೆ.

ಒಂದು ಎಚ್ಚರ. ಒಂದೇ ರೇಸ್ ನೋಡಿ ಕುಣಿಯಬೇಡಿ. ಸ್ಥಾನ ಅನ್ನುವುದು ಸ್ಟೇಜ್ ರೇಸ್‌ನಲ್ಲಿ ಬಹಳ ಸುಳ್ಳು ಹೇಳುತ್ತದೆ. ಸಮತಟ್ಟಿನ ಸ್ಟೇಜ್‌ನಲ್ಲಿ ನೂರು ಜನ ಒಂದೇ ಗುಂಪಾಗಿ ಬಂದರೆ ನೂರೂ ಜನಕ್ಕೆ ಒಂದೇ ಸಮಯ ಬರೆಯುತ್ತಾರೆ. ಆ ದಿನ 8ನೇ ಸ್ಥಾನವೂ ಒಂದೇ, 88ನೇ ಸ್ಥಾನವೂ ಒಂದೇ. ಸ್ಪ್ರಿಂಟ್ ಹೊಡೆಯುವವರು ಮಾತ್ರ ಮುಂದೆ ತಳ್ಳಾಡುತ್ತಾರೆ. ಉಳಿದವರು ಚಕ್ರ ತಾಗಿ ಬೀಳುವುದು ಬೇಡ ಅಂತ ಹಿಂದೆ ಇರುತ್ತಾರೆ, ಅದೇ ಜಾಣತನ. ಹಾಗಾಗಿ ಮೊದಲ ದಿನದ 102 ಕೆಟ್ಟದ್ದೂ ಇರಬಹುದು, ಏನೂ ಅಲ್ಲದ್ದೂ ಇರಬಹುದು. ಸ್ಥಾನ ಬಿಡಿ, ಗೆದ್ದವನಿಗಿಂತ ಎಷ್ಟು ನಿಮಿಷ ಹಿಂದೆ ಬಂದ ಅಂತ ನೋಡಿ. ಅದೂ ಗುಡ್ಡದ ದಿನ ಮತ್ತು ಟೈಮ್ ಟ್ರಯಲ್ (ಒಬ್ಬೊಬ್ಬರೇ ಗಡಿಯಾರದ ಎದುರು ತುಳಿಯುವ) ದಿನ ಮಾತ್ರ. ಕೊನೆಯ ದಿನ ಗುಡ್ಡದ ಮೇಲೆ ಮುಗಿದದ್ದರಿಂದಲೇ ಆ 41ಕ್ಕೆ ನಾನು ಬೆಲೆ ಕೊಡುತ್ತಿದ್ದೇನೆ.

ಈಗ ನೀವು ನೆಪ ಅಂದುಕೊಂಡ ವಿಷಯಕ್ಕೆ ಬರೋಣ. ಕಾಕಾ, ಅದು ನೆಪ ಅಲ್ಲ. ಹುಡುಗ ನಿಜ ಹೇಳಿದ್ದಾನೆ.

ಸ್ಟೇಜ್ ರೇಸ್‌ನಲ್ಲಿ ಒಂದು ತಂಡದಲ್ಲಿ ಆರೇಳು ಜನ ಇರುತ್ತಾರೆ, ಮೂರು ವಾರದ ದೊಡ್ಡ ರೇಸ್ ಆದರೆ ಎಂಟು. ಗೆಲ್ಲಲಿಕ್ಕೆ ಅಂತ ಇರುವವನು ಒಬ್ಬನೋ ಇಬ್ಬರೋ. ಉಳಿದವರೆಲ್ಲ ಅವನ ಕೆಲಸದವರು. ಅದಕ್ಕೆ ಫ್ರೆಂಚ್‌ನಲ್ಲಿ ಡೊಮೆಸ್ಟಿಕ್ ಅಂತ ಹೆಸರು, ಅಂದರೆ ಮನೆಗೆಲಸದ ಆಳು. ಕೇಳಲಿಕ್ಕೆ ಬೇಜಾರು, ಆದರೆ ಆ ಲೋಕದಲ್ಲಿ ಅದು ಮರ್ಯಾದೆಯ ಹುದ್ದೆ. ಆಳಿನ ಕೆಲಸ ಏನು? ಲೀಡರ್‌ಗೆ ಗಾಳಿ ಮರೆಯಾಗಿ ಮುಂದೆ ತುಳಿಯುವುದು. ಹಿಂದಿನ ಕಾರಿಗೆ ಹೋಗಿ ನೀರಿನ ಬಾಟಲಿ ತರುವುದು. ಇದನ್ನು ಒಮ್ಮೆ ವಿಡಿಯೋದಲ್ಲಿ ನೋಡಿ. ಹುಡುಗ ಗುಂಪಿನಿಂದ ಹಿಂದೆ ಜಾರಿ ಕಾರಿನ ಕಿಟಕಿಗೆ ಬರುತ್ತಾನೆ. ಒಂದೊಂದೇ ಬಾಟಲಿ ಇಸಿದುಕೊಂಡು ಬೆನ್ನಿನ ಜೇಬಿಗೆ, ಜೆರ್ಸಿಯೊಳಗೆ, ಕುತ್ತಿಗೆ ಹಿಂದೆ ಸಿಕ್ಕಿಸಿಕೊಳ್ಳುತ್ತಾನೆ. ಏಳು ಬಾಟಲಿ ಅಂದರೆ ನಾಲ್ಕು ಕೆ.ಜಿ. ಹತ್ತಿರ ಭಾರ. ಬೆನ್ನ ಮೇಲೆ ಗೂನು ಬಂದ ಹಾಗೆ ಕಾಣುತ್ತದೆ. ಆ ಭಾರ ಹೊತ್ತು, ಗಂಟೆಗೆ 45 ಕಿ.ಮೀ. ವೇಗದಲ್ಲಿ ಹೋಗುತ್ತಿರುವ ನೂರೈವತ್ತು ಜನರ ಸಂದಿಯಲ್ಲಿ ನುಸುಳಿ ಮುಂದೆ ಹೋಗಿ, ತನ್ನ ತಂಡದವರನ್ನು ಹುಡುಕಿ ಹಂಚಬೇಕು. ಟಿವಿಯಲ್ಲಿ ಅವನ ಹೆಸರು ಯಾರೂ ಹೇಳುವುದಿಲ್ಲ.

ಲೀಡರ್‌ಗೆ ಪಂಕ್ಚರ್ ಆದಾಗ ನಿಲ್ಲುವುದೂ ಇದೇ ಕೆಲಸ. ಚಕ್ರ ಬದಲಿಸುವಷ್ಟರಲ್ಲಿ ಗುಂಪು ಅರ್ಧ ಕಿಲೋಮೀಟರ್ ಮುಂದೆ ಹೋಗಿರುತ್ತದೆ. ಲೀಡರ್ ಒಬ್ಬನೇ ಬೆನ್ನಟ್ಟಿದರೆ ಅವನ ಕಾಲು ಅಲ್ಲೇ ಖಾಲಿ. ಅದಕ್ಕೇ ನಿಮ್ಮ ಹುಡುಗ ಮುಂದೆ ನಿಂತು, ಗಾಳಿ ತಾನು ತಿಂದು, ಅವನನ್ನು ಗುಂಪಿಗೆ ಮುಟ್ಟಿಸಿದ್ದಾನೆ. ಮುಟ್ಟಿಸಿದ ಮೇಲೆ ತಾನು ಖಾಲಿ. ಮುಂದೆ ಗುಡ್ಡ ಬಂದಾಗ ಹಿಂದೆ ಉಳಿದಿದ್ದಾನೆ.

ಟೈಮ್ ಮಿತಿ ಅನ್ನುವುದು ಹೀಗೆ: ಗೆದ್ದವನ ಸಮಯಕ್ಕೆ ಇಷ್ಟು ಪರ್ಸೆಂಟ್ ಕೂಡಿಸುತ್ತಾರೆ. ಆ ಪರ್ಸೆಂಟ್ ರೇಸ್‌ನಿಂದ ರೇಸ್‌ಗೆ, ಸ್ಟೇಜ್‌ನ ಕಷ್ಟದ ಮೇಲೆ ಬದಲಾಗುತ್ತದೆ. ಗೆದ್ದವನು 4 ಗಂಟೆಯಲ್ಲಿ ಬಂದ, ಮಿತಿ ಶೇ 8 ಅಂತಿಟ್ಟುಕೊಳ್ಳಿ. 19 ನಿಮಿಷ 12 ಸೆಕೆಂಡ್ ಸಿಗುತ್ತದೆ. ಅದರೊಳಗೆ ಗೆರೆ ದಾಟದಿದ್ದರೆ ಮರುದಿನ ಸೈಕಲ್ ಹತ್ತುವ ಹಾಗಿಲ್ಲ, ಎಷ್ಟು ಒಳ್ಳೆಯ ಕೆಲಸ ಮಾಡಿದ್ದರೂ ಅಷ್ಟೇ. ಹಿಂದುಳಿದವರೆಲ್ಲ ಸೇರಿ ಒಂದು ಗುಂಪು ಕಟ್ಟಿಕೊಂಡು, ಗಡಿಯಾರ ನೋಡುತ್ತಾ, ಒಬ್ಬರಿಗೊಬ್ಬರು ಗಾಳಿ ಮರೆ ಕೊಡುತ್ತಾ ಮಿತಿಯೊಳಗೆ ಬರುತ್ತಾರೆ. ಆ ಗುಂಪಿಗೆ ಇಟಾಲಿಯನ್‌ನಲ್ಲಿ ಗ್ರುಪೆಟ್ಟೊ ಅಂತಾರೆ. ಯಾರ ಹಿಂದೆ ಸೇರಬೇಕು, ಯಾವಾಗ ಸೇರಬೇಕು, ಎಷ್ಟು ನಿಧಾನ ಹೋದರೆ ನಡೆಯುತ್ತದೆ — ಇದೂ ಒಂದು ವಿದ್ಯೆ. ನಿಮ್ಮ ಹುಡುಗನಿಗೆ ಅದು ಇನ್ನೂ ಬಂದಿಲ್ಲ. ಮ್ಯಾನೇಜರ್ ಬೆನ್ನು ತಟ್ಟಿದ್ದು ಪಂಕ್ಚರ್ ಕೆಲಸಕ್ಕೆ. ಗ್ರುಪೆಟ್ಟೊ ತಪ್ಪಿಸಿಕೊಂಡದ್ದಕ್ಕೆ ಒಳಗೆ ಬಾಗಿಲು ಹಾಕಿ ಎರಡು ಮಾತು ಅಂದಿರಲೂಬಹುದು. ಅದನ್ನು ಹುಡುಗ ನಿಮಗೆ ಯಾಕೆ ಹೇಳುತ್ತಾನೆ?

ನಮ್ಮ ಹುಡುಗರಿಗೆ ಅಲ್ಲಿ ಯಾಕೆ ಇಷ್ಟು ತ್ರಾಸ ಆಗುತ್ತದೆ ಅಂತ ನನ್ನನ್ನು ಬಹಳ ಜನ ಕೇಳುತ್ತಾರೆ. ಕಾಲಲ್ಲಿ ಕಸುವು ಕಡಿಮೆ ಅಂತ ಅಲ್ಲ. ವಿಜಯಪುರ, ಬಾಗಲಕೋಟೆ ಹಾಸ್ಟೆಲ್‌ಗಳಲ್ಲಿ, ಚಂದರಗಿ ಕ್ರೀಡಾ ಶಾಲೆಯಲ್ಲಿ ಬೆಳೆದವರು ಟೈಮ್ ಟ್ರಯಲ್‌ನಲ್ಲಿ ಗಟ್ಟಿ. ಒಬ್ಬನೇ, ನೇರ ರಸ್ತೆ, ತಲೆ ಬಗ್ಗಿಸಿ ತುಳಿಯುವುದು. ಆದರೆ ಭುಜಕ್ಕೆ ಭುಜ ತಾಗುವ ದೊಡ್ಡ ಗುಂಪಿನಲ್ಲಿ ಕೂರುವ ಅಭ್ಯಾಸ ಇಲ್ಲಿ ಎಲ್ಲಿದೆ? ನಮ್ಮಲ್ಲಿ ವರ್ಷಕ್ಕೆ ಹತ್ತು ಹದಿನೈದು ದಿನ ರೇಸ್ ಸಿಕ್ಕರೆ ಪುಣ್ಯ. ಅಲ್ಲಿಯ ಹುಡುಗ ಹತ್ತನೇ ವಯಸ್ಸಿನಿಂದ ವಾರವಾರ ಗುಂಪಿನಲ್ಲಿ ತಳ್ಳಾಡಿ ಬೆಳೆದಿರುತ್ತಾನೆ. ಹೆದರಿದವನು ಗುಂಪಿನ ಬಾಲಕ್ಕೆ ಹೋಗುತ್ತಾನೆ. ಬಾಲದಲ್ಲಿ ಪ್ರತಿ ತಿರುವಿಗೂ ಬ್ರೇಕ್ ಹಿಡಿ, ಮತ್ತೆ ಎದ್ದು ಓಡು. ಗುಂಪಿನ ಹೊಟ್ಟೆಯೊಳಗೆ ಕೂತವನಿಗೆ ಗಾಳಿಯ ತಡೆ ಒಬ್ಬನೇ ಹೋಗುವುದಕ್ಕೆ ಹೋಲಿಸಿದರೆ ತೀರಾ ಕಡಿಮೆ. ಒಂದೇ ರಸ್ತೆ, ಒಂದೇ ವೇಗ, ಆದರೂ ಬಾಲದವನು ದುಪ್ಪಟ್ಟು ದಣಿದಿರುತ್ತಾನೆ.

ಒಂದು ವಿಷಯದಲ್ಲಿ ಮಾತ್ರ ನಮ್ಮವರು ಒಂದು ಕೈ ಮೇಲೆ. ಆಷಾಢದಲ್ಲಿ ವಿಜಯಪುರದಿಂದ ಸೊಲ್ಲಾಪುರ ರಸ್ತೆ ಹಿಡಿದು ಹೋಗಿ ನೋಡಿ. ರಸ್ತೆ ಉತ್ತರಕ್ಕೆ, ಗಾಳಿ ಪಶ್ಚಿಮದಿಂದ. ಮರ ಇಲ್ಲ, ಮನೆ ಇಲ್ಲ, ಎಡಗಡೆಯಿಂದ ಯಾರೋ ಅಂಗೈಯಿಟ್ಟು ತಳ್ಳಿದ ಹಾಗೆ ಆಗುತ್ತದೆ. ಅಡ್ಡಗಾಳಿಗೆ ಮುಂದಿನವನ ಹಿಂದೆ ಅಡಗಿದರೆ ಏನೂ ಉಪಯೋಗ ಇಲ್ಲ, ಪಕ್ಕಕ್ಕೆ ಸರಿದು ಓರೆಯಾಗಿ ಸಾಲು ಕಟ್ಟಬೇಕು. ಹಾಸ್ಟೆಲ್ ಹುಡುಗರು ಯಾರೂ ಹೇಳಿಕೊಡದೆ ಇದನ್ನು ಮಾಡುತ್ತಾರೆ. ಯುರೋಪಿನಲ್ಲಿ ಇದಕ್ಕೆ ಎಶೆಲಾನ್ ಅಂತ ದೊಡ್ಡ ಹೆಸರು, ಅಲ್ಲಿ ಇದರಿಂದಲೇ ರೇಸ್ ಒಡೆಯುತ್ತದೆ. ನಿಮ್ಮವನಿಗೆ ನೆನಪು ಮಾಡಿ: ಗಾಳಿ ದಿನ ಹೆದರಬೇಡ, ಅದು ನಿನ್ನ ಊರಿನ ಗಾಳಿ.

ಟೂರ್ ಡಿ ಫ್ರಾನ್ಸ್ ಮಾತಿಗೆ ಬರುತ್ತೇನೆ. ಭಾರತದ ಯಾರೂ ಇಲ್ಲಿತನಕ ಅದರಲ್ಲಿ ಸೈಕಲ್ ಹೊಡೆದಿಲ್ಲ. ತಂಡಗಳಲ್ಲಿ ಮೂರು ಮೆಟ್ಟಿಲು ಇವೆ: ವರ್ಲ್ಡ್ ಟೂರ್, ಅದರ ಕೆಳಗೆ ಪ್ರೊ ಟೀಮ್, ಅದರ ಕೆಳಗೆ ಕಾಂಟಿನೆಂಟಲ್. ಹುಡುಗ ನಿಂತಿರುವುದು ಮೂರನೆಯದರಲ್ಲಿ. ಮೇಲಿನ ವರ್ಲ್ಡ್ ಟೂರ್‌ನಲ್ಲಿ 18 ತಂಡ, ಒಂದೊಂದರಲ್ಲಿ 30 ಜನದ ಆಸುಪಾಸು. ಇಡೀ ಜಗತ್ತಿಗೆ ಐನೂರು ಚಿಲ್ಲರೆ ಕೆಲಸ. ಅವರಲ್ಲೂ ಮೂರು ವಾರದ ರೇಸ್ ಗೆಲ್ಲುತ್ತೇನೆ ಅಂತ ಹೇಳಬಲ್ಲವರು ಬೆರಳೆಣಿಕೆ. ರೇಸ್‌ಗಳಿಗೂ ದರ್ಜೆ ಇದೆ. ಕ್ಯಾಲೆಂಡರ್‌ನಲ್ಲಿ 2.2 ಅಂತ ಬರೆದಿದ್ದರೆ ಮೊದಲ 2 ಅಂದರೆ ಸ್ಟೇಜ್ ರೇಸ್, ಎರಡನೇ 2 ಅಂದರೆ ಕೆಳಗಿನ ದರ್ಜೆ. 2026ರ ಜನವರಿಯಲ್ಲಿ ಪುಣೆಯಲ್ಲಿ ಐದು ದಿನ, 437 ಕಿ.ಮೀ. ನಡೆಯಿತಲ್ಲ, ಅದು ಈ ದರ್ಜೆಯದು. ಕೆಳಗಿನದು ಅಂದ ಕೂಡಲೇ ಮೂಗು ಮುರಿಯಬೇಡಿ. ಅಲ್ಲಿ ಮೊದಲ ಇಪ್ಪತ್ತರಲ್ಲಿ ಬರುವವನು ನಮ್ಮ ರಾಷ್ಟ್ರೀಯ ರೇಸ್‌ನಲ್ಲಿ ಆಟ ಆಡುತ್ತಾನೆ.

ಆ ಫ್ಲೆಕ್ಸ್ ಇನ್ನೂ ಇದ್ದರೆ ಇಳಿಸಿಬಿಡಿ. ಸುಮ್ನೆ ಮಳೆಗೆ ಹರಿಯುತ್ತದೆ ಕೂಡ.

ಜನ ಮಾತೆತ್ತಿದರೆ ಪೊಗಾಚಾರ್ ಅಂತಾರೆ. ಹೌದು, ತದೇಯ್ ಪೊಗಾಚಾರ್ 2020ರಲ್ಲಿ ಟೂರ್ ಗೆದ್ದಾಗ ಅವನಿಗೆ 22 ತುಂಬಲು ಒಂದು ದಿನ ಬಾಕಿ ಇತ್ತು. ಹಿಂದಿನ ವರ್ಷ ಕೊಲಂಬಿಯಾದ ಎಗಾನ್ ಬೆರ್ನಾಲ್ 22ಕ್ಕೆ ಗೆದ್ದಿದ್ದ. ಇವರಿಬ್ಬರ ಕಥೆ ಎಲ್ಲ ಅಪ್ಪಂದಿರ ತಲೆ ಕೆಡಿಸಿದೆ. ನಾನಾದರೆ ನಿಮಗೆ ಬ್ರಿಟನ್ನಿನ ಗೆರೈಂಟ್ ಥಾಮಸ್ ಕಥೆ ಹೇಳುತ್ತೇನೆ. 2007ರಲ್ಲಿ, 21ನೇ ವಯಸ್ಸಿಗೆ ಮೊದಲ ಟೂರ್. ಮುಗಿಸಿದವರು 141 ಜನ, ಅವನು 140ನೆಯವನು. ನಿಮ್ಮ ವಾಟ್ಸಾಪ್ ಗುಂಪಿನಲ್ಲಿ ಅವನಿದ್ದಿದ್ದರೆ ಅವತ್ತೇ ರೈಲ್ವೆಗೆ ಅರ್ಜಿ ಹಾಕಿಸುತ್ತಿದ್ದಿರಿ, ಅಲ್ವಾ? ಅದೇ ಮನುಷ್ಯ 2018ರಲ್ಲಿ ಟೂರ್ ಗೆದ್ದ. ನಡುವೆ 11 ವರ್ಷ. ಅದರಲ್ಲಿ ಬಹುಪಾಲು ಬೇರೆಯವರಿಗೆ ಗಾಳಿ ಮರೆಯಾಗಿ ದುಡಿದ ವರ್ಷಗಳು. ಪ್ರಿಮೋಝ್ ರೊಗ್ಲಿಚ್ ಅಂತೂ ಇಪ್ಪತ್ತು ದಾಟುವ ತನಕ ಸ್ಕೀ ಜಂಪ್ ಆಡುತ್ತಿದ್ದ. ಮೂರು ವಾರದ ಮೊದಲ ರೇಸ್ ಗೆದ್ದದ್ದು 29ಕ್ಕೆ, 2019ರ ವುಯೆಲ್ಟಾದಲ್ಲಿ, ಅಂದರೆ ಸ್ಪೇನಿನ ರೇಸ್‌ನಲ್ಲಿ.

ಇನ್ನೊಂದು ಇದೆ, ಅದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. 2025ರ ಜಿರೊ ದಿ ಇಟಾಲಿಯಾ, ಅಂದರೆ ಇಟಲಿಯ ಮೂರು ವಾರದ ರೇಸ್. ಮೆಕ್ಸಿಕೋದ ಇಸಾಕ್ ದೆಲ್ ತೊರೊ, 21 ವರ್ಷ, ಒಂಬತ್ತನೇ ಸ್ಟೇಜ್‌ನಿಂದ ಲೀಡರ್‌ನ ಗುಲಾಬಿ ಜೆರ್ಸಿ ಹಾಕಿದ್ದ. 20ನೇ ಸ್ಟೇಜ್‌ನಲ್ಲಿ ಫಿನೆಸ್ತ್ರೆ ಘಾಟ್. 18.5 ಕಿ.ಮೀ. ಏರು, ಸರಾಸರಿ ಶೇ 9ರ ಮೇಲೆ, ಕೊನೆಯ 8 ಕಿ.ಮೀ. ಡಾಂಬರೇ ಇಲ್ಲ, ಜಲ್ಲಿ ಮಣ್ಣು. ನಮ್ಮ ಚೋರ್ಲಾ ಘಾಟ್ ಇದರ ಮುಂದೆ ಕೂಸು. ಬೆಳಿಗ್ಗೆ ಎರಡನೇ ಸ್ಥಾನದ ರಿಚರ್ಡ್ ಕರಪಾಸ್ 43 ಸೆಕೆಂಡ್ ಹಿಂದಿದ್ದ, ಸೈಮನ್ ಯೇಟ್ಸ್ 1 ನಿಮಿಷ 21 ಸೆಕೆಂಡ್. ಏರಿನಲ್ಲಿ ಯೇಟ್ಸ್ ಮುಂದೆ ಜಾರಿಕೊಂಡು ಹೋದ. ದೆಲ್ ತೊರೊ ಕರಪಾಸ್‌ನನ್ನು ನೋಡಿದ, ಕರಪಾಸ್ ದೆಲ್ ತೊರೊನನ್ನು ನೋಡಿದ. ‘ನೀ ಹಿಡಿ’, ‘ಇಲ್ಲ, ನೀ ಹಿಡಿ.’ ಯೇಟ್ಸ್ ಜಿರೊ ಗೆದ್ದ, ಹುಡುಗ ಎರಡನೆಯವನಾದ. ಈಗ ಕೇಳಿ: ಇದೇ ಯೇಟ್ಸ್ 2018ರಲ್ಲಿ, 25ನೇ ವಯಸ್ಸಿಗೆ, ಇದೇ ಗುಲಾಬಿ ಜೆರ್ಸಿ ಹಾಕಿ, ಇದೇ ಫಿನೆಸ್ತ್ರೆಯಲ್ಲಿ ಕುಸಿದಿದ್ದ. ಆವತ್ತು ಒಂದೇ ದಿನ ಅರ್ಧ ಗಂಟೆಗೂ ಜಾಸ್ತಿ ಕಳೆದುಕೊಂಡಿದ್ದ. ಏಳು ವರ್ಷ ಆದ ಮೇಲೆ ಅದೇ ಗುಡ್ಡದಲ್ಲಿ ವಸೂಲು ಮಾಡಿಕೊಂಡ. ದೆಲ್ ತೊರೊಗೆ ಕಾಲಲ್ಲಿ ಕಸುವು ಕಡಿಮೆ ಇತ್ತು ಅಂತ ನನಗೆ ಅನ್ನಿಸುವುದಿಲ್ಲ. ಅಂಥ ಹೊತ್ತಿನಲ್ಲಿ ಯಾರನ್ನು ಬಿಡಬಾರದು ಅನ್ನುವ ಲೆಕ್ಕ ವಯಸ್ಸಿನ ಜೊತೆ ಬರುತ್ತದೆ. ಅದನ್ನು ಯಾವ ಕೋಚೂ ಮೊದಲೇ ಕೊಡಲಾರ.

ಇನ್ನು ನಿಮ್ಮ 345 ವ್ಯಾಟ್. 63 ಕೆ.ಜಿ.ಗೆ ಭಾಗಿಸಿದರೆ ಕೆ.ಜಿ.ಗೆ 5.5 ಹತ್ತಿರ. 20ನೇ ವಯಸ್ಸಿಗೆ ಚೆನ್ನಾಗಿದೆ. ದೊಡ್ಡ ರೇಸ್‌ಗಳ ಕೊನೆಯ ಗುಡ್ಡದಲ್ಲಿ ಗೆಲ್ಲುವವರು ಅರ್ಧ ಗಂಟೆಗೂ ಜಾಸ್ತಿ ಹೊತ್ತು 6ಕ್ಕಿಂತ ಮೇಲೆ ಹಿಡಿಯುತ್ತಾರೆ. ಆದರೆ ನನಗೆ ಬೇಕಾದ ಅಂಕಿ ನಿಮ್ಮ ಪತ್ರದಲ್ಲಿ ಇಲ್ಲ. ಈ 345 ಅವನು ಯಾವಾಗ ಕೊಟ್ಟ? ಬೆಳಿಗ್ಗೆ ಎದ್ದು, ತಿಂದು, ತಾಜಾ ಕಾಲಲ್ಲಿ ಕೊಟ್ಟದ್ದಾದರೆ ಅದು ಸಂತೆಗೆ ಮೊದಲ ಗಂಟೆಯಲ್ಲಿ ಇಟ್ಟ ತರಕಾರಿ ಇದ್ದ ಹಾಗೆ, ಎಲ್ಲವೂ ತಾಜಾ ಕಾಣುತ್ತದೆ. ನಾಲ್ಕು ಗಂಟೆ ಸರಾಸರಿ 175 ವ್ಯಾಟ್ ತುಳಿದರೆ 2,500 ಕಿಲೋಜೂಲ್ ಖರ್ಚಾಗುತ್ತದೆ. ಅದಾದ ಮೇಲೆ 20 ನಿಮಿಷಕ್ಕೆ ಎಷ್ಟು? ಶೇ 5 ಬಿದ್ದರೆ 328. ಶೇ 20 ಬಿದ್ದರೆ 276. ಮೊದಲನೆಯವನು ಸ್ಟೇಜ್ ರೇಸ್ ಹುಡುಗ. ಎರಡನೆಯವನಿಗೆ ಒಂದು ದಿನದ ಚಿಕ್ಕ ರೇಸೋ ಟ್ರ್ಯಾಕೋ ನೋಡಬೇಕು, ಅದರಲ್ಲೂ ಅವಮಾನ ಏನಿಲ್ಲ. ನಿಮ್ಮವನ ಕೊನೆಯ ದಿನದ 41 ನೋಡಿದರೆ ಮೊದಲನೇ ಜಾತಿ ಇರಬಹುದು ಅಂತ ನನಗೆ ಆಸೆ. ಪವರ್ ಮೀಟರ್ (ತುಳಿಯುವ ಶಕ್ತಿ ಅಳೆಯುವ ಉಪಕರಣ) ಫೈಲ್ ನೋಡದೆ ಗ್ಯಾರಂಟಿ ಕೊಡುವುದಿಲ್ಲ.

ನಾಲ್ಕು ಕೆ.ಜಿ. ಇಳಿಸುವ ಮಾತು ಓದಿ ಮಾತ್ರ ನನಗೆ ಹೆದರಿಕೆ ಆಯಿತು. ಯಾಕೆ ಅಂದರೆ ಆ ತಪ್ಪು ನಾನೇ ಮಾಡಿದ್ದೇನೆ. ಹತ್ತು ಹನ್ನೆರಡು ವರ್ಷದ ಹಿಂದೆ ನನ್ನ ಹತ್ತಿರ ತರಬೇತಿಗೆ ಒಬ್ಬ ಹುಡುಗ ಇದ್ದ, 58 ಕೆ.ಜಿ. ಗುಡ್ಡ ಚೆನ್ನಾಗಿ ಹತ್ತುತ್ತಿದ್ದ. ಇನ್ನೂ ಹಗುರಾದರೆ ಇನ್ನೂ ಚೆನ್ನಾಗಿ ಹತ್ತುತ್ತಾನೆ ಅಂತ ನಾನು ರಾತ್ರಿ ರೊಟ್ಟಿ ಬಿಡಿಸಿದೆ. ಬೆಳಿಗ್ಗೆ ಬರೀ ಚಹಾದ ಮೇಲೆ ಇಲ್ಲೇ ಬೆಳಗಾವಿ ಹತ್ತಿರದ ರಾಜಹಂಸಗಡ ಗುಡ್ಡ ಹತ್ತಿಸಿದೆ. 54ಕ್ಕೆ ಬಂದ. ಮೊದಲ ಎರಡು ವಾರ ಹಾರಿದ. ನನಗೆ ಖುಷಿಯೋ ಖುಷಿ. ಆಮೇಲೆ ನೆಗಡಿ ಬಿಡಲೇ ಇಲ್ಲ, ನಿದ್ದೆ ಹೋಯಿತು, ಮುಖ ಬಾಡಿತು. ಒಂದು ದಿನ ಮೆಟ್ಟಿಲು ಇಳಿಯುವಾಗ ‘ಸರ್, ಸೊಂಟದಾಗ ಕಟ್ ಅಂತು’ ಅಂದ. ಎಲುಬಿನಲ್ಲಿ ಬಿರುಕು. ಬಿದ್ದಿರಲಿಲ್ಲ, ಯಾರೂ ಗುದ್ದಿರಲಿಲ್ಲ. ಆ ಸೀಸನ್ ಪೂರ್ತಿ ಹೋಯಿತು, ಮತ್ತೆ ಅವನು ಮೊದಲಿನ ಹಾಗೆ ಆಗಲೇ ಇಲ್ಲ. ಮೈಗೆ ಬೇಕಾದಷ್ಟು ಕೊಡದೆ ದುಡಿಸಿದರೆ ಎಲುಬು, ಹಾರ್ಮೋನು, ರೋಗ ತಡೆಯುವ ಶಕ್ತಿ ಎಲ್ಲ ಒಟ್ಟಿಗೆ ಕೆಡುತ್ತವೆ ಅಂತ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲೇ ಬರೆದಿದ್ದಾರೆ. ನಾನು ಅದನ್ನು ಓದಿದ್ದು ಹುಡುಗನ ಎಲುಬು ಮುರಿದ ಮೇಲೆ. ಸೈಕಲ್‌ನವರ ಎಲುಬು ಮೊದಲೇ ಸ್ವಲ್ಪ ಮೆತ್ತಗೆ, ಯಾಕೆಂದರೆ ಸೀಟಿನ ಮೇಲೆ ಕೂತು ಮಾಡುವ ಆಟ, ಓಟದ ಹಾಗೆ ಎಲುಬಿಗೆ ಪೆಟ್ಟು ಬೀಳುವುದಿಲ್ಲ.

ಹಾಗಾಗಿ ಅವನಿಗೆ ಜ್ವರ ಬಂದು ಬಿಟ್ಟ ರೇಸ್ ಬಗ್ಗೆ ಕೇಳಿ: ಆಗ ಊಟ ಕಡಿಮೆ ಮಾಡಿದ್ದೆಯಾ? ಉತ್ತರ ಹೌದು ಅಂತಾದರೆ ನನಗೆ ಆಶ್ಚರ್ಯ ಆಗುವುದಿಲ್ಲ. ಈಗಿನ ದೊಡ್ಡ ತಂಡಗಳಲ್ಲಿ ರೇಸ್ ನಡುವೆ ಗಂಟೆಗೆ 90 ಗ್ರಾಂ, ಕೆಲವರು 120 ಗ್ರಾಂ ತನಕ ಸಕ್ಕರೆ ಪದಾರ್ಥ ಹೊಟ್ಟೆಗೆ ಹಾಕುತ್ತಾರೆ. ಒಂದು ಬಾಳೆಹಣ್ಣಿನಲ್ಲಿ 25 ಗ್ರಾಂ ಸಿಗುತ್ತದೆ ಅಂತಿಟ್ಟುಕೊಳ್ಳಿ. ಗಂಟೆಗೆ ಮೂರೂವರೆ ಹಣ್ಣು, ನಾಲ್ಕು ಗಂಟೆಗೆ ಒಂದು ಡಜನ್ ಮೇಲೆ ಎರಡು. ಅಷ್ಟು ತಿನ್ನಲಾಗದೆಯೇ ಜೆಲ್ಲು, ಪುಡಿ ಕಲಸಿದ ನೀರು ಎಲ್ಲ ಬಂದದ್ದು. ಅದನ್ನು ತಡೆದುಕೊಳ್ಳಲು ಹೊಟ್ಟೆಗೂ ತಾಲೀಮು ಬೇಕು. ನಮ್ಮ ಹುಡುಗರು ಬರೀ ಹೊಟ್ಟೆಯಲ್ಲಿ 100 ಕಿ.ಮೀ. ಹೊಡೆದು ಬಂದು ಅದನ್ನೇ ಗಂಡಸ್ತನ ಅಂದುಕೊಂಡಿದ್ದಾರೆ. ಅತ್ತಿಗೆಯವರು ಅಮೀನಗಡದ ಕರದಂಟು ಕಳಿಸುತ್ತಿದ್ದರೆ ಕಳಿಸಲಿ, ಸಂಜೆ ತಿನ್ನಲಿ. ರೇಸ್ ನಡುವೆ ಬೇಡ, ತುಪ್ಪ ಮತ್ತು ಗೋಡಂಬಿ ಕರಗಲು ಹೊತ್ತು ಹಿಡಿಯುತ್ತದೆ.

ಎಷ್ಟು ವರ್ಷ ಕಾಯಬೇಕು ಅಂದಿರಿ. ಮೇಲಿನ ಎರಡು ಮೆಟ್ಟಿಲಿನ ತಂಡಗಳಲ್ಲಿ ಹೊಸಬನಿಗೆ ಕನಿಷ್ಠ ಎರಡು ವರ್ಷದ ಒಪ್ಪಂದ ಕೊಡಬೇಕು ಅಂತ ನಿಯಮವೇ ಇದೆ. ಒಂದು ವರ್ಷದಲ್ಲಿ ಏನೂ ತಿಳಿಯುವುದಿಲ್ಲ ಅಂತ ಆ ಲೋಕವೇ ಒಪ್ಪಿಕೊಂಡ ಹಾಗೆ. ಟೂರ್‌ನಲ್ಲಿ ಯುವಕರಿಗೆ ಕೊಡುವ ಬಿಳಿ ಜೆರ್ಸಿಯೂ 25ರ ತನಕ. ಅವರ ಲೆಕ್ಕದಲ್ಲಿ 25 ಅಂದರೆ ಇನ್ನೂ ಹುಡುಗ. ನಿಮ್ಮವನಿಗೆ 23 ವರ್ಷದೊಳಗಿನವರ ರೇಸ್ ಹೊಡೆಯಲು 22 ತುಂಬುವ ವರ್ಷದ ತನಕ ಅವಕಾಶ ಇದೆ. ಈ ವರ್ಷ ನಾನು ಕೇಳುವುದು ಒಂದೇ: ಶುರು ಮಾಡಿದ ರೇಸ್‌ಗಳಲ್ಲಿ ಜಾಸ್ತಿ ಭಾಗ ಮುಗಿಸಲಿ. ಐದರಲ್ಲಿ ಎರಡು ಮುಗಿಸಿದ್ದಾನೆ, ಸೀಸನ್ ಮುಗಿಯುವಷ್ಟರಲ್ಲಿ ಅದು ಅರ್ಧ ದಾಟಿದರೆ ಸಾಕು. ಮುಂದಿನ ವರ್ಷ ಅವನ ಕೆಲಸ ಸ್ಟೇಜ್‌ನ ಕೊನೆಯ ಗಂಟೆ ತನಕ ಉಳಿಯಬೇಕು, ಒಂದೆರಡು ಸಲ ಮುಂದೆ ಓಡಿಹೋದ ಗುಂಪಿನಲ್ಲಿ ಕಾಣಬೇಕು. ಮೂರನೇ ವರ್ಷ 2.2 ರೇಸ್‌ಗಳಲ್ಲಿ ಮೊದಲ ಇಪ್ಪತ್ತೈದರ ಒಳಗೆ ಒಮ್ಮೆಯಾದರೂ ಬರಬೇಕು. ಅದೂ ಆಗದಿದ್ದರೆ 23ರಲ್ಲಿ ಕೂತು ಮಾತಾಡೋಣ. ಅವನು ಹತ್ತುವವನೋ, ಗಾಳಿಗೆ ಎದೆ ಕೊಟ್ಟು ಎಳೆಯುವವನೋ, ಟೈಮ್ ಟ್ರಯಲ್‌ನವನೋ ಅನ್ನುವುದು ಅಷ್ಟರಲ್ಲಿ ಗೊತ್ತಾಗಿರುತ್ತದೆ. ಇಷ್ಟೆಲ್ಲ ಆದರೂ ನನ್ನ ಅಂದಾಜು ಹೇಳಬೇಕೆಂದರೆ, ಎರಡನೇ ಮೆಟ್ಟಿಲಿನ ತಂಡದಲ್ಲಿ ಒಳ್ಳೆಯ ಆಳಾದರೆ ಅದು ನಮ್ಮ ಜಿಲ್ಲೆಗಳಿಗೆ ದೊಡ್ಡ ಸಾಧನೆ. ಟೂರ್ ಗೆಲ್ಲುವುದು ನನ್ನ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಅಣ್ಣ ಹೇಳುವ ರೈಲ್ವೆ ಮಾತು ತಳ್ಳಿಹಾಕಬೇಡಿ. ಕಾಂಟಿನೆಂಟಲ್ ಮಟ್ಟದಲ್ಲಿ ಕನಿಷ್ಠ ಸಂಬಳ ಅಂತ ಅಂತಾರಾಷ್ಟ್ರೀಯ ನಿಯಮ ಇಲ್ಲ. ಕೆಲವು ತಂಡ ಊಟ, ರೂಮು, ಸೈಕಲ್ ಕೊಟ್ಟು ಕೈ ತೊಳೆದುಕೊಳ್ಳುತ್ತವೆ. ಹುಡುಗನ ಒಪ್ಪಂದದಲ್ಲಿ ಏನಿದೆ, ಆಸ್ಪತ್ರೆ ಖರ್ಚು ಯಾರದು, ಬಿದ್ದಾಗ ವಿಮೆ ಇದೆಯಾ ಅಂತ ಒಮ್ಮೆ ಓದಿಸಿ. ರೈಲ್ವೆಯ ಕ್ರೀಡಾ ಕೋಟಾಗೆ ಸಾಮಾನ್ಯವಾಗಿ 18ರಿಂದ 25 ವರ್ಷ, ವಯಸ್ಸಿನ ಸಡಿಲಿಕೆ ಸಿಗುವುದಿಲ್ಲ. ಅರ್ಜಿಗೆ ಲೆಕ್ಕಕ್ಕೆ ಬರುವ ಪದಕಗಳಿಗೂ ಅವಧಿ ಇರುತ್ತದೆ. ಅಂದರೆ ಅವನು ರಾಷ್ಟ್ರೀಯ ಚಾಂಪಿಯನ್‌ಶಿಪ್‌ಗೆ ವರ್ಷಕ್ಕೊಮ್ಮೆ ಬಂದು ಹೋಗುವ ಹಾಗೆ ತಂಡದ ಜೊತೆ ಮಾತಾಡಿಕೊಳ್ಳಬೇಕು. ನಾನು 23 ಅಂದದ್ದು ಇದಕ್ಕೇ. ಆಗ ಇನ್ನೂ ಎರಡು ವರ್ಷ ಕೈಯಲ್ಲಿರುತ್ತದೆ. ಇದನ್ನು ಅಣ್ಣನಿಗೆ ಹೇಳಿ, ರಾತ್ರಿ ಅವರಿಗೆ ನಿದ್ದೆ ಬರುತ್ತದೆ. ಹುಡುಗನಿಗೂ ಹೇಳಿ. ಹಿಂದೆ ನೌಕರಿಯ ಬಾಗಿಲು ತೆರೆದಿದೆ ಅಂತ ಗೊತ್ತಿದ್ದವನು ಇಳಿಜಾರಿನಲ್ಲಿ ಹುಚ್ಚು ಸಾಹಸ ಮಾಡುವುದಿಲ್ಲ.

ಫೋನ್ ಬಗ್ಗೆ ಒಂದು ಮಾತು. ರೇಸ್ ಮುಗಿದ ಸಂಜೆ ನಿಮ್ಮಿಂದ, ಅಣ್ಣನಿಂದ, ಗೆಳೆಯರಿಂದ ಎಷ್ಟು ಸಲ ‘ಎಷ್ಟನೇ ನಂಬರ್ ಬಂತೋ?’ ಅಂತ ಹೋಗಿರುತ್ತದೆ ನೋಡಿ. ಅಲ್ಲಿ ಚಳಿ, ಮಾತು ಬಾರದ ಊರು, ಗಂಜಿಯಂಥ ಪಾಸ್ತಾ. ಆ ಹೊತ್ತಿಗೆ ಹುಡುಗ ಕೈಯಲ್ಲಿ 87ನೇ ನಂಬರ್ ಹಿಡಿದು ಕೂತಿರುತ್ತಾನೆ. ಅದರ ಬದಲು ‘ಇವತ್ತ ನಿನ್ನ ಕೆಲಸ ಏನಿತ್ತು? ಎಲ್ಲಿತನಕ ಮಾಡಿದಿ?’ ಅಂತ ಕೇಳಿ. ‘90 ಕಿಲೋಮೀಟರ್ ತನಕ ಗುಂಪಿನ ಮುಂದೆ ಎಳೆಯೋದಿತ್ತು ಕಾಕಾ, 110ರ ತನಕ ಎಳದೆ’ ಅಂದರೆ ಅವತ್ತು ಅವನು ಗೆದ್ದ ಅಂತ ತಿಳಿಯಿರಿ, ಕಾಗದದ ಮೇಲೆ ಎಷ್ಟನೆಯವನಾದರೂ ಇರಲಿ. ‘ನನ್ನ ಕೆಲಸ ಏನು ಅಂತ ಯಾರೂ ಹೇಳಿರಲಿಲ್ಲ’ ಅಂತ ಎರಡು ಮೂರು ರೇಸ್ ಅಂದರೆ ಮಾತ್ರ ನನಗೆ ತಿಳಿಸಿ. ಅದು ತಂಡದ ತಪ್ಪು, ಬೇರೆ ತಂಡ ಹುಡುಕಬೇಕಾಗುತ್ತದೆ.

ಅಕ್ಟೋಬರ್‌ನಲ್ಲಿ ಊರಿಗೆ ಬರುತ್ತಾನಲ್ಲ. ಮೊದಲ ಎರಡು ವಾರ ಸೈಕಲ್ ಮುಟ್ಟಲು ಬಿಡಬೇಡಿ. ಅವ್ವನ ಕೈಯ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ ಹೊಟ್ಟೆ ತುಂಬ ತಿನ್ನಲಿ, ಎರಡು ಕೆ.ಜಿ. ಏರಿದರೂ ಏರಲಿ. ಆಮೇಲೆ ಬೆಳಗಾವಿಗೆ ಕಳಿಸಿ, ಪವರ್ ಮೀಟರ್ ಫೈಲ್‌ಗಳನ್ನೆಲ್ಲ ತರಲಿ. ಒಂದು ದಿನ ನಾಲ್ಕು ಗಂಟೆ ತುಳಿಸಿ, ಸುಸ್ತಾದ ಕಾಲಲ್ಲೇ ರಾಜಹಂಸಗಡ ಹತ್ತಿಸಿ ನೋಡುತ್ತೇನೆ. ಈ ಸಲ ಹೊಟ್ಟೆ ತುಂಬ ತಿನ್ನಿಸಿಯೇ ಹತ್ತಿಸುತ್ತೇನೆ, ಅಣ್ಣನಿಗೆ ಹೇಳಿ.